ಸತುವಿನ ಬ್ಯಾಟರಿಗೆ ಕ್ಯಾಥೋಡ್ ಸಿದ್ಧಪಡಿಸಿದ ನನ್ನ ಅನುಭವ

ಬೆಳಗಾವಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಂಶೋಧನೆಗೆ ತೊಡಗಿದಾಗ ನಾನು ಸತುವಿನ ಅಯಾನು ಬ್ಯಾಟರಿಯನ್ನು ಆರಿಸಿಕೊಂಡೆ. ಲಿಥಿಯಂ ಕೋಶವನ್ನು ಜೋಡಿಸಲು ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ (ಗಾಳಿ, ತೇವ ಒಳಸೇರದ, ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಬೇಕು, ಅದು ನಮ್ಮಲ್ಲಿರಲಿಲ್ಲ. ಸತುವಿನ ಕೋಶದ ಎಲೆಕ್ಟ್ರೋಲೈಟ್, ಅಂದರೆ ಅಯಾನುಗಳು ಸಾಗುವ ದ್ರವ, ನೀರಿನ ದ್ರಾವಣವೇ ಆದ್ದರಿಂದ ಅದನ್ನು ತೆರೆದ ಮೇಜಿನ ಮೇಲೆಯೇ ಜೋಡಿಸಬಹುದು. ಋಣಧ್ರುವವಾದ ಸತು ಪ್ರತಿ ಗ್ರಾಂಗೆ ಸೈದ್ಧಾಂತಿಕವಾಗಿ 820 ಮಿಲಿಆಂಪಿಯರ್-ಗಂಟೆ ಕೊಡಬಲ್ಲದು. ಕ್ಯಾಥೋಡ್, ಅಂದರೆ ಧನಧ್ರುವ, ಆಗುವ ಮ್ಯಾಂಗನೀಸ್ ಡೈಆಕ್ಸೈಡ್ ಒಂದು ಎಲೆಕ್ಟ್ರಾನಿನ ಲೆಕ್ಕದಲ್ಲಿ 308 ಮಾತ್ರ. ಹೀಗಾಗಿ ನನ್ನ ದುಡಿಮೆಯೆಲ್ಲ ಕ್ಯಾಥೋಡಿಗೇ ಮೀಸಲಾಯಿತು.

ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಮ್ಯಾಂಗನೀಸ್ ಸಲ್ಫೇಟ್ ದ್ರಾವಣಗಳನ್ನು ಬೆರೆಸಿ, ಟೆಫ್ಲಾನ್ ಒಳಪದರದ ಆಟೋಕ್ಲೇವಿನಲ್ಲಿ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) 140 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 12 ಗಂಟೆ ಇಟ್ಟೆ. ಪರ್ಮಾಂಗನೇಟಿನ ನೇರಳೆ ಬಣ್ಣ ಪೂರ್ತಿ ಹೋಗಿ ಮ್ಯಾಂಗನೀಸ್ ಡೈಆಕ್ಸೈಡಿನ ಕಂದುಗಪ್ಪು ಗಸಿ ಉಳಿದಿತ್ತು. ತೊಳೆದ ನೀರಿಗೆ ಬೇರಿಯಂ ಕ್ಲೋರೈಡಿನ ಹನಿ ಬಿಟ್ಟಾಗ ಬಿಳಿ ಮಬ್ಬು ಏಳದಂತಾಗುವವರೆಗೂ, ಅಂದರೆ ಸಲ್ಫೇಟ್ ಪೂರ್ತಿ ಹೋಗುವವರೆಗೂ, ಅದನ್ನು ತೊಳೆದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನ್ಯಾನೋ ಕಡ್ಡಿಗಳು ಕಂಡವು. ಕಡ್ಡಿ ತೆಳುವಾದಷ್ಟೂ ಅಯಾನು ಕ್ರಮಿಸಬೇಕಾದ ದೂರ ಕಡಿಮೆಯಾಗುತ್ತದೆ, ಆದರೆ ನೀರಿಗೆ ಒಡ್ಡಿಕೊಳ್ಳುವ ಮೈ ಹೆಚ್ಚುತ್ತದೆ.

ಮೊದಲ ಪೆಟ್ಟು ಬಿದ್ದದ್ದು ಜುಲೈ ತಿಂಗಳ ಮಳೆಯಲ್ಲಿ. ಪುಡಿ, ವಿದ್ಯುತ್ ಹರಿಸುವ ಕಾರ್ಬನ್ ಬ್ಲ್ಯಾಕ್ ಮತ್ತು ಕಣಗಳನ್ನು ಅಂಟಿಸಿ ಹಿಡಿದಿಡುವ ಪಿವಿಡಿಎಫ್ ಎಂಬ ಪಾಲಿಮರ್ ಬೈಂಡರನ್ನು 70:20:10ರ ಪ್ರಮಾಣದಲ್ಲಿ ಎನ್‌ಎಂಪಿ ಎಂಬ ಸಾವಯವ ದ್ರಾವಕದಲ್ಲಿ ಅರೆದು ಹಚ್ಚಿದ ಲೇಪ, ಒಣಗಿದ ಮೇಲೆ ಉಗುರು ತಾಗಿದರೂ ಹಕ್ಕಳೆಯಾಗಿ ಏಳುತ್ತಿತ್ತು. ನಾನು ಎರಡು ವಾರ ಪುಡಿಯನ್ನೇ ಶಂಕಿಸಿದೆ. ಎನ್‌ಎಂಪಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆ ನೀರಿಗೆ ಬೈಂಡರ್ ಅಲ್ಲಲ್ಲೇ ಗಟ್ಟಿಯಾಗುತ್ತದೆ ಎಂಬುದು ತಡವಾಗಿ ಹೊಳೆಯಿತು. ನೀರಿನಲ್ಲೇ ಕೆಲಸ ಮಾಡಬೇಕಾದ ಕ್ಯಾಥೋಡಿಗೂ ಲೇಪದ ಹಂತದಲ್ಲಿ ನೀರು ಆಗದು. ಪುಡಿಯನ್ನು ಚೆನ್ನಾಗಿ ಒಣಗಿಸಿ, ಮುಚ್ಚಿದ ಸೀಸೆಯಲ್ಲಿ ಕಲಸಿ, ಹಚ್ಚಿದ ಕೂಡಲೇ 80 ಡಿಗ್ರಿಯ ಓವನಿಗೆ ಸೇರಿಸತೊಡಗಿದ ಮೇಲೆ ಲೇಪ ನಿಂತಿತು.

ಆದರೂ ಎಲೆಕ್ಟ್ರೋಲೈಟಿನಲ್ಲಿ ಸತುವಿನ ಸಲ್ಫೇಟ್ ಮಾತ್ರ ಇದ್ದ ಕೋಶಗಳು ಚಾರ್ಜ್-ಡಿಸ್ಚಾರ್ಜಿನ ಆವರ್ತದಿಂದ ಆವರ್ತಕ್ಕೆ ಸೊರಗುತ್ತಿದ್ದವು. ಒಂದನ್ನು ಬಿಚ್ಚಿ, ಅದರ ದ್ರಾವಣಕ್ಕೆ ನೈಟ್ರಿಕ್ ಆಮ್ಲ ಮತ್ತು ಚಿಟಿಕೆ ಸೋಡಿಯಂ ಬಿಸ್ಮತೇಟ್ ಹಾಕಿದೆ. ಆಟೋಕ್ಲೇವಿನಲ್ಲಿ ಕಳೆದುಹೋಗಿದ್ದ ಅದೇ ನೇರಳೆ ಮರಳಿ ಬಂತು, ಅಂದರೆ ದ್ರಾವಣದಲ್ಲಿ ಮ್ಯಾಂಗನೀಸ್ ಕರಗಿತ್ತು. ಡಿಸ್ಚಾರ್ಜ್ ಆಗುವಾಗ ಹುಟ್ಟುವ ಮೂರು ವೇಲೆನ್ಸಿಯ ಮ್ಯಾಂಗನೀಸ್ ಎರಡು ಮತ್ತು ನಾಲ್ಕು ವೇಲೆನ್ಸಿಯ ರೂಪಗಳಾಗಿ ಇಬ್ಭಾಗವಾಗಿ, ಎರಡು ವೇಲೆನ್ಸಿಯ ಅರ್ಧ ಭಾಗ ನೀರಿಗಿಳಿಯುತ್ತಿತ್ತು. 2 ಮೋಲಾರ್ ಸತುವಿನ ಸಲ್ಫೇಟಿಗೆ 0.1 ಮೋಲಾರ್ ಮ್ಯಾಂಗನೀಸ್ ಸಲ್ಫೇಟ್ ಸೇರಿಸಿ ಆ ಕರಗುವಿಕೆಗೆ ತಡೆಯೊಡ್ಡಿದ ಬಳಿಕ ಸೊರಗುವಿಕೆ ಬಹಳ ತಗ್ಗಿತು.

ಇಲ್ಲೊಂದು ಎಚ್ಚರ ಅಗತ್ಯ. ಸೇರಿಸಿದ ಮ್ಯಾಂಗನೀಸ್ ಚಾರ್ಜ್ ಮಾಡುವಾಗ ಡೈಆಕ್ಸೈಡಾಗಿ ಕ್ಯಾಥೋಡಿನ ಮೇಲೆ ಕೂತು, ಧಾರಣೆಯನ್ನು (ಕೋಶ ಹಿಡಿದಿಡುವ ವಿದ್ಯುತ್ತಿನ ಮೊತ್ತವನ್ನು) ತಾನೇ ಹೆಚ್ಚಿಸುತ್ತದೆ. ಅದನ್ನು ಕಡ್ಡಿಗಳ ಗುಣವೆಂದು ಬರೆಯುವುದು ತಪ್ಪು. ಆದ್ದರಿಂದ ಬರೀ ಕಾರ್ಬನ್ ಹಚ್ಚಿದ ಕೋಶವೊಂದನ್ನು ಅದೇ ದ್ರಾವಣದಲ್ಲಿ ಓಡಿಸಿ, ಅದರ ಅಂಕಿಯನ್ನೂ ಪ್ರತಿ ಪಟ್ಟಿಯಲ್ಲಿ ಪಕ್ಕದಲ್ಲೇ ನಮೂದಿಸುತ್ತೇನೆ.