ತೇರು ಕಂಪ್ಯೂಟರಿನದು, ಹಗ್ಗ ನನ್ನ ಕೈಯದು

"ಈಗ ಯಾರು ಸಾರ್ ಆನಿಮೇಷನ್ನನ್ನು ಕೈಯಲ್ಲಿ ಬರೀತಾರೆ?" ಅಂತ ನಿರ್ಮಾಪಕರು ನಕ್ಕಿದ್ದರು. ಈಗ ಅವರ ಸಿನಿಮಾ ಶುರುವಾಗುವುದೇ ನಾನು ಹಾಸನದ ಮನೆಯಲ್ಲಿ ಕೂತು ಬರೆದ ಬೇಲೂರು ತೇರಿನಿಂದ. 50 ಸೆಕೆಂಡ್ ಅಷ್ಟೇ. ನೋಡಿದವರು ಮೊದಲು ಕೇಳುವುದು ಅದನ್ನೇ.

ಮೊದಲು ಪೂರ್ತಿ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲೇ ಮಾಡಿ ನೋಡಿದೆ. ತೇರು ಚೆನ್ನಾಗಿ ಬಂತು, ಜನ ಬರಲಿಲ್ಲ. ಕಾಲು ನೆಲದ ಮೇಲೆ ಜಾರುತ್ತಿತ್ತು. ನೂರು ಜನ ಎಳೆದರೂ ಹಗ್ಗದಲ್ಲಿ ಬಿಗಿಯೇ ಇಲ್ಲ. ರೆಂಡರ್ (ಕಂಪ್ಯೂಟರ್ ಒಂದೊಂದೇ ಚಿತ್ರ ತಯಾರಿಸುವುದು) ಬೇರೆ: ಸೆಕೆಂಡಿಗೆ 24ರಂತೆ 1200 ಫ್ರೇಮ್, ಒಂದಕ್ಕೆ ನಾಲ್ಕು ನಿಮಿಷ ಅಂದರೂ 80 ಗಂಟೆ. ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ!

ಪೂರ್ತಿ ಕೈಯಲ್ಲಿ ಮಾಡಿದರೆ ಉಲ್ಟಾ. ಜನಕ್ಕೆ ಜೀವ ಬಂತು, ತೇರು ಊದಿ ಇಳಿದು ಮಾಡುತ್ತಿತ್ತು.

ಕೊನೆಗೆ ಎರಡನ್ನೂ ಬೆರೆಸಿದೆ. 1999ರ ಹಾಲಿವುಡ್ ಆನಿಮೇಷನ್ ಸಿನಿಮಾ 'ದಿ ಐರನ್ ಜೈಂಟ್'ನಲ್ಲಿ ದೈತ್ಯ ಕಂಪ್ಯೂಟರಿನವನು, ಜೊತೆಗಿರುವ ಹುಡುಗ ಕೈಚಿತ್ರ. ಎರಡೂ ಹೊಂದಲಿ ಅಂತ ದೈತ್ಯನ ಗೆರೆ ಚೂರು ನಡುಗುವ ಹಾಗೆ ಪ್ರೋಗ್ರಾಮ್ ಮಾಡಿಸಿದ್ದರು. ನಾನು ಬ್ಲೆಂಡರ್ ತೇರನ್ನು ಬರೀ ಗೆರೆಯಾಗಿ ತೆಗೆದು, ತಿಳಿನೀಲಿಯಲ್ಲಿ ಪ್ರಿಂಟ್ ಹಾಕಿ, ಮೇಲೆ ಪೆನ್ಸಿಲ್ ಓಡಿಸಿದೆ. ಕೈ ತಾನಾಗಿಯೇ ನಡುಗುತ್ತೆ, ಅದಕ್ಕೆ ದುಡ್ಡಿಲ್ಲ. ಪ್ರಿಂಟಾದ ಹಾಳೆಯನ್ನು ಪಂಚ್‌ಗೆ (ಎಲ್ಲ ಹಾಳೆ ಒಂದೇ ಜಾಗದಲ್ಲಿ ಕೂರಲಿ ಅಂತ ಹೊಡೆಯುವ ತೂತು) ಸರಿಯಾಗಿ ಕೂರಿಸುವುದು ಹೇಗೆ ಅಂತ ಮಾತ್ರ ಕೇಳಬೇಡಿ. ಅದನ್ನು ಕಲಿಯೋಕೆ ಎರಡು ರೀಮ್ ಹಾಳಾಗಿದೆ.

ಹಗ್ಗ ಇಡೀ ಕೆಲಸದ ಪ್ರಾಣ. ಮೊದಲ ಮೂರು ಚಿತ್ರದಲ್ಲಿ ಹಗ್ಗ ಜೋಲು, ಜನ ಮಾತ್ರ ಹಿಂದಕ್ಕೆ ವಾಲುತ್ತಾರೆ. ಆಮೇಲೆ ಹಗ್ಗ ನೇರ. ತೇರು ಇನ್ನೂ ಅಲ್ಲಾಡಬಾರದು. ಎರಡು ಚಿತ್ರ ತಡೆದು ಚಕ್ರ ಕದಲಬೇಕು, ಮೇಲಿನ ಕಳಶ ಅದಕ್ಕಿಂತಲೂ ತಡವಾಗಿ ವಾಲಬೇಕು. ಆಗಲೇ ತೇರಿಗೆ ಭಾರ. ತೇರು, ಜನ ಎರಡೂ ಟೂಸ್‌ನಲ್ಲೇ, ಅಂದರೆ ಒಂದು ಚಿತ್ರ ಎರಡು ಫ್ರೇಮ್ ನಿಲ್ಲುವ ಹಾಗೆ, ಇರಲಿ. ತೇರನ್ನು ಒನ್ಸ್‌ನಲ್ಲಿ (ಫ್ರೇಮಿಗೊಂದು ಚಿತ್ರ) ಬಿಟ್ಟರೆ ಹಗ್ಗ ಕೈಯಿಂದ ಕಿತ್ತುಕೊಂಡ ಹಾಗೆ ಕಾಣುತ್ತೆ. ತೇರಿಗೆ ಎಸೆಯುವ ಬಾಳೆಹಣ್ಣು-ದವನ ಬೇರೆ ಲೇಯರ್. ಲೆಕ್ಕಕ್ಕೆ 600 ಚಿತ್ರ, ಕೊನೆಗೆ ಸಾವಿರದ ಹತ್ತಿರ ಹೋಯಿತು.

ಮಳೆಗಾಲದಲ್ಲಿ ಹಾಳೆ ಶೀತ ಹಿಡಿದು ಪಂಚ್ ತೂತು ಸಡಿಲವಾಗುತ್ತಿತ್ತು. ಹಳೇ ಟ್ರಂಕಿನೊಳಗೆ ಬಲ್ಬ್ ಹಾಕಿಟ್ಟೆ, ಸರಿಹೋಯಿತು.

ಮಧ್ಯೆ ಒಂದು ಹುಚ್ಚು. ಹಳೇಬೀಡಿನ ಕೆಳಗಿನ ಸಾಲಿನ ಆನೆಗಳ ಫೋಟೋ ತೆಗೆದು, ಒಂದರ ಹಿಂದೆ ಒಂದು ಓಡಿಸಿದೆ. ಒಂದೊಂದರ ಸೊಂಡಿಲು, ಕಾಲು ಬೇರೆ ಬೇರೆ ತಾನೇ, ಆನೆ ನಡೆಯಬೇಕಲ್ಲ? ನಡೆಯಲಿಲ್ಲ, ನಿಂತಲ್ಲೇ ಕುಣಿಯಿತು. ಸಿನಿಮಾಕ್ಕೆ ಬೇಡವಾಯಿತು. ಫೋನಿನಲ್ಲಿದೆ, ಸುಮ್ನೆ ಆಗಾಗ ನೋಡುತ್ತೇನೆ.

ಬೆಂಗಳೂರಲ್ಲಿ 3ಡಿಗೆ ಒಂದೂವರೆ ಲಕ್ಷ ಕೇಳಿದ್ದರಂತೆ. ನನಗೆ ಕೊಟ್ಟಿದ್ದು 60,000. ಹಾಳೆ, ಇಂಕು, ಗೆರೆ ತಿದ್ದಿದ ಇಬ್ಬರು ಹುಡುಗರಿಗೆ ಅಂತ 22,000 ಹೋಯಿತು. ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿತಾ, ಬ್ಲೆಂಡರ್ ಎರಡೂ ಹೇಗೂ ಫ್ರೀ.

ಮುಂದಿನ ಸಿನಿಮಾಕ್ಕೆ ಅವರಿಗೆ ಕೊಂಡ ಹಾಯುವ ದೃಶ್ಯ ಬೇಕಂತೆ. ಬೆಂಕಿಯನ್ನೂ ಕೈಯಲ್ಲೇ ಬರೆಯುತ್ತೇನೆ, ರೇಟು ಮಾತ್ರ ಹಳೇದಲ್ಲ ಅಂದಿದ್ದೇನೆ.