ಬೆಳಕಿನ ಲಿಂಕ್ ಹಾಕುವವರು ಮೊದಲು ಕಂಬ ನೋಡಿ

ಚಿತ್ರದುರ್ಗದಲ್ಲಿ ಎರಡು ತಾರಸಿಗಳ ನಡುವೆ ವೈರ್ ಎಳೆಯದೆ ನೆಟ್ ಹಂಚಿಕೊಳ್ಳಬೇಕು ಅನ್ನುವವರು ರೋಂಜಾ ಅನ್ನುವ, ಬೆಳಕಿನಲ್ಲೇ ನೆಟ್ ಕಳಿಸುವ ಉಪಕರಣದ ಮಾದರಿಯನ್ನು ಒಮ್ಮೆ ನೋಡಿ. ಜೆಕ್ ದೇಶದಲ್ಲಿ ಹುಟ್ಟಿದ್ದು, ಅದನ್ನು ಕಟ್ಟುವ ನಕ್ಷೆಗಳೆಲ್ಲ ಉಚಿತ. ಎಲ್‌ಇಡಿ ಬೆಳಕನ್ನು ಭೂತಗನ್ನಡಿಯಂಥ ಮಸೂರದಿಂದ ಎದುರಿನ ತಾರಸಿಗೆ ಕಳಿಸುತ್ತದೆ, 1.4 ಕಿ.ಮೀ. ವರೆಗೆ 10 ಎಂಬಿಪಿಎಸ್ ವೇಗ ಸಿಗುತ್ತದೆ. ಈಗಿನ ಕಾಲಕ್ಕೆ ವೇಗ ಕಡಿಮೆಯೇ, ಆದರೆ ಅಕ್ಕಪಕ್ಕದ ವೈಫೈಗಳ ಕಾಟ ಇರುವುದಿಲ್ಲ ಅಲ್ವಾ.

ಮುಖ್ಯ ವಿಷಯ ಇದನ್ನು ಕೂರಿಸುವ ಕಂಬ. ನಮ್ಮೂರ ಗಾಳಿ ಗೊತ್ತೇ ಇದೆ, ಜೋಗಿಮಟ್ಟಿ ಕಡೆ ಗಾಳಿಯಂತ್ರ ತಿರುಗುವುದನ್ನು ನೋಡಿದ್ದೀರಲ್ಲ. ಗಾಳಿಗೆ ಕಂಬ ಅಲುಗಿ ಉಪಕರಣ 1 ಮೀಟರ್ ಉದ್ದಕ್ಕೆ 1 ಮಿ.ಮೀ. ಓರೆಯಾದರೂ ಸಾಕು, 1 ಕಿ.ಮೀ. ಆಚೆ ಬೆಳಕು 1 ಮೀಟರ್ ಪಕ್ಕಕ್ಕೆ ಹೋಗಿಬಿಡುತ್ತದೆ. ಅದಕ್ಕೇ ನೀರಿನ ಟ್ಯಾಂಕಿನ ಸ್ಟ್ಯಾಂಡಿಗೋ ತಗಡಿನ ಶೀಟಿಗೋ ಸುಮ್ನೆ ಕಟ್ಟಬೇಡಿ, ಗಟ್ಟಿ ಗೋಡೆಗೆ ದಪ್ಪ ಆಂಗಲ್ ಕೂರಿಸಿ ಬೋಲ್ಟ್ ಬಿಗಿಯಿರಿ, ಖರ್ಚು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಸಾಧ್ಯವಾದಷ್ಟು ಪೂರ್ವ ಪಶ್ಚಿಮಕ್ಕೆ ಮುಖ ಮಾಡಬೇಡಿ. ಬೆಳಗ್ಗೆ, ಸಂಜೆ ಬಿಸಿಲು ನೇರ ಮಸೂರಕ್ಕೆ ಬಿದ್ದರೆ ಒಳಗಿನ ಭಾಗ ಸುಟ್ಟೀತು. ಕೆಂಪು ಎಲ್‌ಇಡಿ ಹಾಕಿ, ರಾತ್ರಿ ಎದುರಿನಿಂದ ಕಣ್ಣಿಗೇ ಕಾಣುತ್ತದೆ, ಗುರಿ ಹಿಡಿಯುವುದು ಸುಲಭ. ಧೂಳು ಕೂತರೆ ಒರೆಸಿ. ದಟ್ಟ ಮಂಜಿದ್ದ ದಿನ ಲಿಂಕ್ ಕಡಿದುಹೋಗುತ್ತದೆ, ಆಗ ಬಳಸಲು ಇನ್ನೊಂದು ದಾರಿ ಇಟ್ಟುಕೊಂಡಿರಿ.