ಮೂರು ಫೇಸ್ ಎಲ್‌ಎಫ್‌ಒ: ನಾನು ಕಟ್ಟುವ ಬಗೆ

ಎಲ್‌ಎಫ್‌ಒ ಎಂದರೆ ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಕೊಡುವ ಆಂದೋಲಕ. ಅದರಿಂದ ಮೂರು ಡಿಲೇ ಲೈನುಗಳನ್ನು (ಧ್ವನಿಯನ್ನು ತುಸು ತಡಮಾಡುವ ಸರ್ಕ್ಯೂಟ್‌ಗಳನ್ನು) 120 ಡಿಗ್ರಿ ಅಂತರದಲ್ಲಿ ಮಾಡ್ಯುಲೇಟ್ ಮಾಡಿದರೆ, ಅಂದರೆ ಅವುಗಳ ತಡವನ್ನು ಏರಿಳಿಸಿದರೆ, ಒಂದರ ಪಿಚ್ ಏರುವಾಗ ಇನ್ನೊಂದರದು ಇಳಿಯುತ್ತದೆ, ಒಟ್ಟು ಧ್ವನಿ ತೂಗಾಡದೆ ದಟ್ಟವಾಗುತ್ತದೆ. ತಂತಿವಾದ್ಯಗಳ ಮೇಳದಂತೆ ನುಡಿಯುವ ಸೊಲಿನಾ ಸ್ಟ್ರಿಂಗ್ ಎನ್‌ಸೆಂಬಲ್ ಕೀಬೋರ್ಡಿನ ಗುಟ್ಟು ಇದೇ. ಇಂಥ ಎಲ್‌ಎಫ್‌ಒಗೆ ಒಂದು ಟಿಎಲ್074 (ನಾಲ್ಕು ಆಪ್-ಆಂಪ್‌ಗಳಿರುವ ಚಿಪ್) ಸಾಕು.

ಸಪ್ಲೈ ±12 ವೋಲ್ಟ್. ಅದರ ಮೂರು ಆಪ್-ಆಂಪ್‌ಗಳನ್ನು ಒಂದರ ಹಿಂದೊಂದು ಇನ್ವರ್ಟಿಂಗ್ (ಸಿಗ್ನಲ್ಲನ್ನು ತಿರುವುಮುರುವು ಮಾಡುವ) ಹಂತಗಳಾಗಿ ಜೋಡಿಸುತ್ತೇನೆ: ಪ್ಲಸ್ ಪಿನ್ ಗ್ರೌಂಡಿಗೆ, ಇನ್‌ಪುಟ್ ರೆಸಿಸ್ಟರ್ 390 ಕಿಲೋಓಮ್, ಫೀಡ್‌ಬ್ಯಾಕ್‌ನಲ್ಲಿ 1 ಮೆಗಾಓಮ್, ಅದರ ಮೇಲೇ 1 ಮೈಕ್ರೊಫ್ಯಾರಡ್ ಫಿಲ್ಮ್ ಕೆಪಾಸಿಟರ್. ಮೂರನೆಯದರ ಔಟ್‌ಪುಟ್ ಮತ್ತೆ ಮೊದಲನೆಯದಕ್ಕೆ. 1.73 ಅನ್ನು 6.28 × ಆರ್ × ಸಿ ಇಂದ ಭಾಗಿಸಿದರೆ ವೇಗ ಸಿಗುತ್ತದೆ (ಆರ್ ಫೀಡ್‌ಬ್ಯಾಕ್ ರೆಸಿಸ್ಟರ್, ಸಿ ಅದರ ಮೇಲಿನ ಕೆಪಾಸಿಟರ್). ಇಲ್ಲಿ ಸುಮಾರು 0.28 ಹರ್ಟ್ಸ್.

ಎಲ್ಲವೂ ನಿಂತಿರುವುದು ಎರಡು ರೆಸಿಸ್ಟರ್‌ಗಳ ಅನುಪಾತದ ಮೇಲೆ, ಅಂದರೆ ಫೀಡ್‌ಬ್ಯಾಕ್‌ನದನ್ನು ಇನ್‌ಪುಟ್‌ನದರಿಂದ ಭಾಗಿಸಿದ್ದು. ಕೆಪಾಸಿಟರ್‌ನಿಂದ ಪ್ರತಿ ಹಂತ 60 ಡಿಗ್ರಿ ಹಿಂದೆ ಬೀಳುವ (ಇನ್ವರ್ಟಿಂಗ್‌ನ 180ರಲ್ಲಿ ಅದನ್ನು ಕಳೆದರೆ 120) ವೇಗದಲ್ಲಿ ಗೇನ್, ಅಂದರೆ ಹಂತ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ, ಅರ್ಧಕ್ಕಿಳಿಯುತ್ತದೆ. ಹಾಗಾಗಿ ಅನುಪಾತ 2ಕ್ಕಿಂತ ಕಡಿಮೆಯಾದರೆ ಆಂದೋಲನ ನಂದಿಹೋಗುತ್ತದೆ. 2.1ರಷ್ಟು ಇಟ್ಟರೆ ನಿಲ್ಲುವುದಿಲ್ಲ ನಿಜ, ಆದರೆ ಇಷ್ಟು ನಿಧಾನದ ಎಲ್‌ಎಫ್‌ಒ ಪೂರ್ಣ ಎತ್ತರಕ್ಕೆ ಬರಲು ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. 2.56 ನನಗೆ ಹಿಡಿಸಿದ ಅಳತೆ.

ಅಲೆಯ ಎತ್ತರಕ್ಕೆ ಕಡಿವಾಣ ಹಾಕಲು ಎರಡು 6.2 ವೋಲ್ಟ್ ಜೆನರ್ ಡಯೋಡ್‌ಗಳನ್ನು ಎದುರುಬದುರಾಗಿ ಸರಣಿಯಲ್ಲಿ ಸೇರಿಸಿ ಫೀಡ್‌ಬ್ಯಾಕ್ ರೆಸಿಸ್ಟರ್ ಮೇಲೆ ಹಾಕಿ. ಮೂರೂ ಹಂತಕ್ಕೆ ಹಾಕಬೇಕು. ಒಂದಕ್ಕೆ ಮಾತ್ರ ಹಾಕಿದರೆ ಆ ಹಂತದ ಫೇಸ್ ಜರುಗಿ 120 ಡಿಗ್ರಿ ಕೆಡುತ್ತದೆ. 4.7 ವೋಲ್ಟಿನ ಜೆನರ್ ಬೇಡ, ಅವು ಇಷ್ಟು ಸಣ್ಣ ಕರೆಂಟಿನಲ್ಲಿ ಬೇಗನೇ ಸೋರಲು ಶುರುಮಾಡುತ್ತವೆ.

ಇಲೆಕ್ಟ್ರೊಲಿಟಿಕ್ ಬೇಡ, ಸೋರಿಕೆಯೂ ಹೆಚ್ಚು, ಟಾಲರೆನ್ಸೂ ಸಡಿಲ. ಶೇ 5ರ ಫಿಲ್ಮ್‌ನಲ್ಲಿ ಹಂತಕ್ಕೆ ಹೆಚ್ಚೆಂದರೆ 1.2 ಡಿಗ್ರಿಯಷ್ಟು ತಪ್ಪು; ಕಿವಿಗೆ ಗೊತ್ತೇ ಆಗುವುದಿಲ್ಲ.

ನಾಲ್ಕು ಫೇಸ್ ಬೇಕೆಂದು ಇದೇ ವರ್ತುಲಕ್ಕೆ ಇನ್ನೊಂದು ಇನ್ವರ್ಟಿಂಗ್ ಹಂತ ಸೇರಿಸಬೇಡಿ. ಹಂತಗಳು ಸಮಸಂಖ್ಯೆಯಾದರೆ ಡಿಸಿಯಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಆಗಿ, ಔಟ್‌ಪುಟ್‌ಗಳೆಲ್ಲ ಪ್ಲಸ್ಸಿನಲ್ಲೋ ಮೈನಸ್ಸಿನಲ್ಲೋ ಹೋಗಿ ಕೂರುತ್ತವೆ. ಅದಕ್ಕೆ ಎರಡು ಇಂಟಿಗ್ರೇಟರ್, ಒಂದು ಇನ್ವರ್ಟರ್ ಇರುವ ಕ್ವಾಡ್ರೇಚರ್ (90 ಡಿಗ್ರಿ ಅಂತರದ) ಸರ್ಕ್ಯೂಟೇ ಸರಿ.

ಪರೀಕ್ಷೆಗೆ ಮೂರೂ ಔಟ್‌ಪುಟ್‌ಗಳಿಂದ ಒಂದೊಂದು 100 ಕಿಲೋಓಮ್ ತಂದು ಒಂದೇ ಬಿಂದುವಿಗೆ ಸೇರಿಸಿ, ಆಸಿಲೋಸ್ಕೋಪನ್ನು ಡಿಸಿ ಕಪ್ಲಿಂಗ್‌ನಲ್ಲಿಟ್ಟು ಆ ಬಿಂದುವನ್ನು ನೋಡುತ್ತೇನೆ. ಮೂರೂ ಸಮವಾಗಿದ್ದರೆ ಮೂಲ ಆವರ್ತನ ಅಲ್ಲಿ ಅಳಿಸಿಹೋಗುತ್ತದೆ. ಮೂರು ಪಟ್ಟು ವೇಗದ ಸಣ್ಣ ಅಲೆ ಉಳಿದರೆ ಅದು ಜೆನರ್‌ಗಳು ತುದಿ ಕತ್ತರಿಸುವುದರಿಂದ ಹುಟ್ಟಿದ ಮೂರನೇ ಹಾರ್ಮೋನಿಕ್. ಮೂಲ ವೇಗದ ಅಲೆಯೇ ಉಳಿದರೆ ಯಾವುದೋ ಒಂದು ಕೆಪಾಸಿಟರೋ ಜೆನರೋ ಉಳಿದವಕ್ಕೆ ಹೊಂದುತ್ತಿಲ್ಲ.